ಗುರುತಿನ ಚೀಟಿ

ಡಿಸೆಂಬರಿನ ಕೊನೆಯ ಭಾನುವಾರ ನಮ್ಮ ಮನೆಯಲ್ಲಿ ಲೆಕ್ಕಪರಿಶೋಧನೆ. ವಾರಕ್ಕೊಂದರಂತೆ ವರ್ಷಕ್ಕೆ 52 ಪುಸ್ತಕ ಓದುತ್ತೇನೆಂದು ಜನವರಿ ಒಂದರಂದು ಘೋಷಿಸಿದ್ದನ್ನು ನಾನು ಮರೆತಿದ್ದೆ; ಹೆಂಡತಿ ಮರೆತಿರಲಿಲ್ಲ. “ಎಷ್ಟಾಯ್ತು?” ಎಂದಳು, ಹಾಲಿನವನ ಲೆಕ್ಕ ಕೇಳುವ ದನಿಯಲ್ಲಿ.

ಕೊಂಡದ್ದೆಷ್ಟು ಎಂದಿದ್ದರೆ ಥಟ್ಟನೆ ಹೇಳುತ್ತಿದ್ದೆ: 41. ಅದರಲ್ಲಿ 26 ನವೆಂಬರಿನವು. ರಾಜ್ಯೋತ್ಸವದ ರಿಯಾಯಿತಿ ಎಂದರೆ ನನ್ನ ಕನ್ನಡಾಭಿಮಾನ ಕೋಡಿ ಬೀಳುತ್ತದೆ. ಓದಿದ್ದರ ಲೆಕ್ಕಕ್ಕೆ ಮಾತ್ರ ಕಪಾಟಿನ ಮುಂದೆ ಚಕ್ಕಳಮಕ್ಕಳ ಹಾಕಬೇಕಾಯಿತು. ಪುಟದ ಕಿವಿ ಮಡಚುವ ಕೆಟ್ಟ ಚಾಳಿ ನನಗಿಲ್ಲ. ಕೈಗೆ ಸಿಕ್ಕ ಕಾಗದವನ್ನು ಗುರುತಿಗೆ ಇಡುತ್ತೇನೆ. ಹಾಗಾಗಿ ನಾನು ಯಾವ ಪುಸ್ತಕದಲ್ಲಿ ಎಲ್ಲಿ ಬಿದ್ದೆನೋ ಅಲ್ಲೊಂದು ವೀರಗಲ್ಲು ಇದ್ದೇ ಇರುತ್ತದೆ.

ಮೊದಲು ಸಿಕ್ಕಿದ್ದು ಡಿ.ವಿ.ಜಿ.ಯವರ ಕಗ್ಗ. ಒಟ್ಟು 945 ಪದ್ಯ. ದಿನಕ್ಕೊಂದು ಓದಿದರೂ ಎರಡೂವರೆ ವರ್ಷ. ಒಂಬತ್ತನೆಯದರ ಬಳಿ ಗೋಡೆಯ ಕ್ಯಾಲೆಂಡರಿನಿಂದ ಹರಿದ ಜನವರಿ 9ರ ಹಾಳೆ. ‘ಪರ್ವ’ದಲ್ಲಿ ಶಿವಮೊಗ್ಗದ ಬಸ್ ಟಿಕೆಟು. ದಾರಿಯಲ್ಲಿ ಓದೋಣವೆಂದು ಒಯ್ದು, ತುಮಕೂರು ಬರುವ ಮೊದಲೇ ಗೊರಕೆ ಹೊಡೆದಿದ್ದೆ. ಫೆಬ್ರವರಿಯಿಂದ ಶಲ್ಯ ಮದ್ರದೇಶ ಬಿಟ್ಟು ಹೊರಟಿಲ್ಲ. ಹದಿನೆಂಟು ಅಕ್ಷೌಹಿಣಿ ಸೈನ್ಯ ನನಗಾಗಿ ಕಾಯುತ್ತಿದೆ.

‘ಮಲೆಗಳಲ್ಲಿ ಮದುಮಗಳು’ ತೆರೆದರೆ ಯಾರದೋ ಮದುವೆಯ ಕರೆಯೋಲೆ. ಏಪ್ರಿಲ್‌ನಲ್ಲಿ ಆ ಮದುವೆಯ ಊಟ ಉಂಡು ಬಂದೆ; ಮೊನ್ನೆ ಅದೇ ಹುಡುಗಿಯ ಸೀಮಂತದ ಹೋಳಿಗೆಯೂ ಆಯಿತು. ನನ್ನ ಗುತ್ತಿ ಮಾತ್ರ ಹುಲಿಯನನ್ನು ಕಟ್ಟಿಕೊಂಡು ಇನ್ನೂ ಕಾಡುದಾರಿಯಲ್ಲೇ ಇದ್ದಾನೆ.

ಗುರುತೇ ಇಲ್ಲದ ಒಂದು ಪುಸ್ತಕ ಸಿಕ್ಕಿತು: ‘ಕರ್ವಾಲೊ’. ಜುಲೈನ ಒಂದು ರಾತ್ರಿ ಕರೆಂಟು ಹೋಗಿ, ಮೊಬೈಲೂ ಸತ್ತು, ಮೇಣದಬತ್ತಿ ಹಚ್ಚಿ ಹಿಡಿದದ್ದು. ಗುರುತಿಡಲು ತೇಜಸ್ವಿ ಪುರುಸೊತ್ತು ಕೊಟ್ಟರೆ ತಾನೆ? ಹಾರುವ ಓತಿಯ ಬೆನ್ನು ಹತ್ತಿ ಬೆಳಗಾಗಿತ್ತು. “ಇದೋ, ಒಂದಾಯ್ತು!” ಎಂದೆ. “ಅದನ್ನ ಓದಿದ್ದು ಇದು ನಾಲ್ಕನೇ ಸಲ. ಹಳೇ ಬಾಕಿ ತಂದು ಹೊಸ ಲೆಕ್ಕಕ್ಕೆ ಸೇರಿಸಬೇಡಿ,” ಎಂದು ಹೆಂಡತಿ ಹೊಡೆದುಹಾಕಿದಳು.

ಕಾರಂತರ ಸಾಲಿನಲ್ಲಿ ಒಂದು ಹಲ್ಲು ಉದುರಿದಂತೆ ಜಾಗ ಖಾಲಿ ಇತ್ತು. ‘ಮೂಕಜ್ಜಿಯ ಕನಸುಗಳು’ ಎಲ್ಲಿ? ಆಮೇಲೆ ನೆನಪಾಯಿತು. ಸೆಪ್ಟೆಂಬರಿನಲ್ಲಿ ಅಮ್ಮ ಎಂಟು ದಿನ ಆಸ್ಪತ್ರೆಯಲ್ಲಿದ್ದಾಗ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಅಮ್ಮ ಮೂರನೇ ಪುಟಕ್ಕೆ ನಿದ್ದೆ ಹೋಗುತ್ತಿದ್ದರು. ಪಕ್ಕದ ಮಂಚದ ಅಜ್ಜಿಗೆ ಮಾತ್ರ ನಿದ್ದೆಯೇ ಇಲ್ಲ. “ಆಮೇಲೆ?” ಎನ್ನುವರು. “ಈ ಮೂಕಜ್ಜಿ ನಮ್ಮ ಕಡೆಯವಳೇ ಇರಬೇಕು, ನಾಲಿಗೆ ನೋಡು!” ಎನ್ನುವರು. ನಾವು ಮನೆಗೆ ಹೊರಟ ದಿನ ಕಥೆ ಇನ್ನೂ ಅರ್ಧದಲ್ಲಿತ್ತು. “ಮುಂದೇನಾಯ್ತು ಅಂತ ಹೇಳದೆ ಹೋಗ್ತೀಯೇನೋ?” ಎಂದರು. ಪುಸ್ತಕವನ್ನು ಅವರ ಮೊಮ್ಮಗಳ ಕೈಗಿಟ್ಟು ಬಂದಿದ್ದೆ.

“ಅದರಲ್ಲಿ ಗುರುತಿಗೆ ಏನಿಟ್ಟಿದ್ರಿ?” ಎಂದಳು ಹೆಂಡತಿ. ಎದೆ ಧಸಕ್ಕೆಂದಿತು. ವಿಮೆಯವರು ಮೂರು ತಿಂಗಳಿಂದ ಕೇಳುತ್ತಿರುವ, ಮನೆಯೆಲ್ಲ ಜಾಲಾಡಿದರೂ ಸಿಗದ ಔಷಧಿ ಅಂಗಡಿಯ ಅಸಲು ರಸೀದಿ! ಮೊಮ್ಮಗಳಿಗೆ ಫೋನು ಮಾಡಿದೆ.

“ಅಜ್ಜಿ ಆರಾಮಾಗಿದಾರೆ ಅಂಕಲ್. ದಿನಕ್ಕೆ ಎರಡೇ ಪುಟ ಓದಿಸ್ತಾರೆ, ಬೇಗ ಮುಗಿದುಹೋಗತ್ತಂತೆ. ಒಳಗಿರೋ ಚೀಟಿ ಮಾತ್ರ ಯಾರೂ ಮುಟ್ಟೋ ಹಾಗಿಲ್ಲ. ಏನಾದ್ರೂ ಬೇಕಿತ್ತಾ?”

“ಏನಿಲ್ಲಮ್ಮ, ಕಥೆ ಎಲ್ಲೀವರೆಗೆ ಬಂತು ಅಂತ ಕೇಳೋಣ ಅಂತ,” ಎಂದು ಫೋನಿಟ್ಟೆ.

ಹೆಂಡತಿ ನನ್ನ ಮುಖ ನೋಡಿದಳು. ಮತ್ತೇನೂ ಕೇಳದೆ ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದುಕೊಂಡಳು: ‘ಓದಿದ್ದು ಅರ್ಧ. ಬೆಲೆ 4,860 ರೂಪಾಯಿ.’