ಸೆಕೆಂಡ್‌ಹ್ಯಾಂಡ್ ಶಕಟ ಮೀಮಾಂಸೆ

ಯಾವ ಶಾಸ್ತ್ರಗ್ರಂಥವೇ ಆಗಲಿ, ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಏಳೆಂಟು ಮಂದಿ ಹಿಡಿಸುವ ಹಳೆಯ ಡೀಸೆಲ್ ಗಾಡಿ. ಅಧಿಕಾರಿ: ಹೊಸ ಗಾಡಿಯ ಆನ್‌ರೋಡ್ ಬೆಲೆ ಕೇಳಿ, ಷೋರೂಮಿನವರು ಕೊಟ್ಟ ಕಾಫಿಯನ್ನಷ್ಟೇ ಕುಡಿದು ಹೊರಬಂದ ಗೃಹಸ್ಥ. ಪ್ರಯೋಜನ: ಇಡೀ ಮನೆ ಒಂದೇ ಗಾಡಿಯಲ್ಲಿ ಧರ್ಮಸ್ಥಳ, ಸುಬ್ರಹ್ಮಣ್ಯ ಮುಗಿಸಿಕೊಂಡು, ಪರಸ್ಪರ ಮಾತು ಬಿಡದೆ ವಾಪಸಾಗುವುದು. ಸಂಬಂಧದ ವಿಚಾರ ಸೂಕ್ಷ್ಮವಾದದ್ದು. ಕೊನೆಯ ಸಾಲಿನಲ್ಲಿ ಯಾರು ಕೂರಬೇಕೆಂಬುದು ತೀರ್ಮಾನವಾದ ಮೇಲೆ ನೋಡೋಣ.

ಮೊದಲು ಪೂರ್ವಪಕ್ಷ. ಪಾಶ್ಚಾತ್ಯ ಗೃಹಸ್ಥರು ಈ ಕೆಲಸಕ್ಕೆ ಸ್ಟೇಷನ್ ವ್ಯಾಗನ್ ಎಂಬ ಉದ್ದನೆಯ ಕಾರನ್ನು ನಂಬಿದ್ದರು. ನಮ್ಮಲ್ಲೂ 1992ರಲ್ಲಿ ಟಾಟಾ ಎಸ್ಟೇಟ್ ಬಂತು, ಆಮೇಲೆ ಮಾರುತಿಯ ಬಲೇನೋ ಆಲ್ಟುರಾ, ಓಪೆಲ್‌ನ ಸ್ವಿಂಗ್, 2004ರಲ್ಲಿ ಇಂಡಿಗೋ ಮರೀನಾ. ಒಂದಕ್ಕೂ ಹೆಚ್ಚು ಭಕ್ತರು ಕೂಡಲಿಲ್ಲ. ಕಾರಣ ತಾತ್ತ್ವಿಕವಾದದ್ದು. ವ್ಯಾಗನ್ನಿನ ಹಿಂಭಾಗ ಸಾಮಾನಿಗೆ ಮೀಸಲು. ನಮ್ಮ ದರ್ಶನದಲ್ಲಾದರೋ ಸಾಮಾನಿನ ಸ್ಥಾನ ಮೇಲಿನ ಕ್ಯಾರಿಯರು. ಗಾಡಿಯೊಳಗೆ ಖಾಲಿ ಜಾಗ ಕಂಡರೆ ಅದು ಕರೆಯದೆ ಬಿಟ್ಟುಬಂದ ಭಾವಮೈದುನನ ಜಾಗ. ಈ ಸತ್ಯವನ್ನು ಅರಿತ ಕ್ವಾಲಿಸ್ 2000ನೇ ಇಸವಿಯಲ್ಲಿ ಬಿಡದಿಯಿಂದ ಹೊರಟು, ಹಿಂದೆ ಎದುರುಬದುರು ಅಡ್ಡ ಸೀಟು ಹಾಕಿ ಹತ್ತು ಜನರನ್ನು ಕೂರಿಸಿತು. 2005ರಲ್ಲಿ ಅದು ನಿಂತು ಇನ್ನೋವಾ ಬಂತು, 2016ರಲ್ಲಿ ಇನ್ನೋವಾಕ್ಕೆ ಕ್ರಿಸ್ಟಾ ಎಂಬ ಬಾಲ ಸೇರಿತು. ಈ ಗ್ರಂಥಕ್ಕೆ ಲಕ್ಷ್ಯ, ಕ್ರಿಸ್ಟಾಕ್ಕೆ ಹಿಂದಿನ ಇನ್ನೋವಾ.

ಇನ್ನು ಪ್ರಮಾಣಗಳು. ಶಬ್ದಪ್ರಮಾಣವೆಂದರೆ ಮಾರುವವನ ಬಾಯಿ. ‘ಡಾಕ್ಟರ್ ಗಾಡಿ ಸಾರ್, ಸಿಂಗಲ್ ಓನರ್, ಮನೆಯಿಂದ ನರ್ಸಿಂಗ್ ಹೋಮ್, ನರ್ಸಿಂಗ್ ಹೋಮಿಂದ ಮನೆ’ ಎಂಬುದು ಇಲ್ಲಿನ ಮಹಾವಾಕ್ಯ. ಮಾರಾಟಕ್ಕಿರುವ ಗಾಡಿಗಳೆಲ್ಲ ಡಾಕ್ಟರುಗಳವೇ ಆದರೆ ಮೇಷ್ಟ್ರುಗಳು, ಗುತ್ತಿಗೆದಾರರು, ಅಡಿಕೆ ಮಂಡಿಯವರು ತಮ್ಮ ಗಾಡಿಗಳನ್ನು ಏನು ಮಾಡಿದರು ಎಂಬ ಆಕ್ಷೇಪ ಏಳುತ್ತದೆ. ಅವರು ಮಾರುವುದೇ ಇಲ್ಲ ಎಂಬುದು ಬ್ರೋಕರುಗಳ ಸಮಾಧಾನ. ಅಂಥ ಗಾಡಿಯ ಮೀಟರು 1,80,000 ಕಿ.ಮೀ. ತೋರಿಸಿದರೆ, ಡಾಕ್ಟರ ಮನೆ ಮಡಿಕೇರಿಯಲ್ಲೂ ನರ್ಸಿಂಗ್ ಹೋಮು ಕಲಬುರಗಿಯಲ್ಲೂ ಇದ್ದಿರಬೇಕೆಂದು ವ್ಯಾಖ್ಯಾನಿಸಿಕೊಳ್ಳಬೇಕು.

ಮೀಟರು 60,000 ತೋರಿಸಿದರೆ ಸಮಸ್ಯೆ ಇನ್ನೂ ಗಹನ. ಕಾಲ ಹಿಂದಕ್ಕೂ ಹರಿಯಬಲ್ಲದು ಎಂಬುದನ್ನು ಭೌತವಿಜ್ಞಾನಿಗಳು ಇನ್ನೂ ಸಾಧಿಸಿಲ್ಲ. ಮೀಟರ್ ರಿಪೇರಿಯವರು ಎಂದೋ ಸಾಧಿಸಿದ್ದಾರೆ. ಇಲ್ಲಿ ಅನುಮಾನಪ್ರಮಾಣ ಒದಗಿಬರುತ್ತದೆ. ಡ್ರೈವರ್ ಸೀಟಿಗೆ ಕುಳಿತು ತಲೆ ಬಗ್ಗಿಸಿ ಕ್ಲಚ್ ಪೆಡಲಿನ ರಬ್ಬರು ನೋಡಿ. ಗೆರೆಗಳೆಲ್ಲ ಅಳಿಸಿ ಬಲಮೂಲೆಯಲ್ಲಿ ಕಬ್ಬಿಣ ಇಣುಕುತ್ತಿದೆಯೇ? ಗೇರ್ ಹಿಡಿಯ ಮೇಲಿನ ಅಂಕಿಗಳು ಮಾಯವಾಗಿವೆಯೇ? ಸೀಟಿನ ಬಲ ಅಂಚು ಕುಸಿದಿದೆಯೇ? ಎಲ್ಲೆಲ್ಲಿ ರಬ್ಬರು ಸವೆದಿದೆಯೋ ಅಲ್ಲಲ್ಲಿ ಮೂರು ಲಕ್ಷ ಕಿಲೋಮೀಟರು ಎಂಬುದು ವ್ಯಾಪ್ತಿ. ಪೆಡಲಿನ ರಬ್ಬರು ಮಾತ್ರ ಹೊಚ್ಚಹೊಸದಾಗಿ ಹೊಳೆಯುತ್ತಿದ್ದರೆ ವ್ಯಾಪ್ತಿ ಇನ್ನೂ ಗಟ್ಟಿ.

ನೈಯಾಯಿಕರು ಬೆಟ್ಟದ ಮೇಲಿನ ಹೊಗೆ ಕಂಡು ಬೆಂಕಿಯನ್ನು ಊಹಿಸಿದರು. ಸೈಲೆನ್ಸರಿನ ಹೊಗೆ ಕಂಡು ಖರ್ಚನ್ನು ಊಹಿಸುವುದು ಅವರಿಂದಾಚೆಗಿನ ಬೆಳವಣಿಗೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ಲನ್ನೇ ಕುಡಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟು ಸಿಲಿಂಡರಿಗೆ ಇಳಿಯುತ್ತಿರಬಹುದು, ಹೆಡ್ ಗ್ಯಾಸ್ಕೆಟ್ಟಿನ ಕಡೆ ನೋಡಬೇಕು. ಕಪ್ಪು ಹೊಗೆಯೊಂದಕ್ಕೆ ಕೊಂಚ ರಿಯಾಯಿತಿ ಇದೆ. ಏರ್ ಫಿಲ್ಟರ್ ಕಟ್ಟಿದ್ದರೂ ಅದು ಬರುತ್ತದೆ. ‘ಒಂದು ರೂಪಾಯಿ ಕೆಲಸ ಇಲ್ಲ ಸಾರ್’ ಎಂದು ಮಾರುವವನು ಹೇಳುವುದು ಸಾಮಾನ್ಯವಾಗಿ ಇದೇ ಹೊತ್ತಿಗೆ. ಅವನ ಮಾತು ಅಕ್ಷರಶಃ ನಿಜ. ಒಂದು ರೂಪಾಯಿಯ ಕೆಲಸ ಅಲ್ಲಿರುವುದಿಲ್ಲ.

ಹೀಗಿದ್ದರೂ ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಬಲವಾದದ್ದು. ಅದರಲ್ಲೂ ಬೆಳಗಿನ ಏಳು ಗಂಟೆಯ ಪ್ರತ್ಯಕ್ಷ. ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮುಂಚೆ ಹೋಗಿ, ನಮಸ್ಕಾರಕ್ಕೆ ಮೊದಲೇ ಬಾನೆಟ್ಟಿನ ಮೇಲೆ ಅಂಗೈ ಇಡಬೇಕು. ಬೆಚ್ಚಗಿದ್ದರೆ ‘ಈಗಷ್ಟೇ ಹಾಲು ತರೋಕೆ ಹೋಗಿದ್ದೆ’ ಎಂಬ ಉತ್ತರ ತಯಾರಿರುತ್ತದೆ. ಹಾಲಿನಂಗಡಿ ಎದುರಿಗೇ ಕಾಣುತ್ತಿರುತ್ತದೆ. ರಾತ್ರಿಯೆಲ್ಲ ತಣ್ಣಗೆ ನಿಂತ ಡೀಸೆಲ್ ಎಂಜಿನ್ ಮೊದಲ ಸೆಲ್ಫ್‌ಗೆ ಹೇಗೆ ಎಚ್ಚರಾಗುತ್ತದೆ, ಎಷ್ಟು ಕೆಮ್ಮುತ್ತದೆ ಎಂಬುದರಲ್ಲೇ ಅದರ ಆತ್ಮಚರಿತ್ರೆಯ ಮುಕ್ಕಾಲು ಭಾಗ ಇದೆ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ಸಂಪಾದಿತ ಆವೃತ್ತಿ. ಸ್ಟಾರ್ಟಿನಲ್ಲಿಟ್ಟೇ ಆಯಿಲ್ ತುಂಬುವ ಮುಚ್ಚಳ ತೆಗೆಸಿ. ಅಲ್ಲಿಂದ ಹೊಗೆ ಬುಸುಬುಸು ಎದ್ದರೆ ಪಿಸ್ಟನ್ ರಿಂಗು ಸವೆದಿದೆ. ಪಕ್ಕದಲ್ಲಿ ನಿಂತ ಮೆಕ್ಯಾನಿಕ್ ‘ಬೋರಿಗೆ ಬಂದೈತೆ ಸಾರ್’ ಅನ್ನುತ್ತಾನೆ. ಆ ಮಾತಿಗೆ ಭಾಷ್ಯ ಬೇಕಿಲ್ಲ, ದುಡ್ಡು ಬೇಕು.

ಶಾಸನಶಾಸ್ತ್ರಜ್ಞರಿಗೂ ಇಲ್ಲಿ ಕೆಲಸವಿದೆ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳ ಶಾಸನವಿರುತ್ತದೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಹುಟ್ಟಿದ ಟೈರು. ‘ಮೊನ್ನೆ ಹಾಕ್ಸಿದ್ದು’ ಎಂಬ ಮೌಖಿಕ ಪರಂಪರೆಗಿಂತ ಶಾಸನವೇ ಮೇಲು. ಗಾಜುಗಳ ಮೂಲೆಯಲ್ಲೂ ತಯಾರಿಕೆಯ ಗುರುತಿರುತ್ತದೆ. ಐದು ಗಾಜು ಒಂದು ವರ್ಷದವು, ಆರನೆಯದು ಬೇರೆ ವರ್ಷದ್ದು ಎಂದಾದರೆ ಆ ಮಗ್ಗುಲಲ್ಲಿ ಏನು ನಡೆಯಿತೆಂದು ಕೇಳುವ ಹಕ್ಕು ನಿಮಗಿದೆ. ಬಾಗಿಲಿಗೆ ಫ್ರಿಜ್ಜಿನ ಅಯಸ್ಕಾಂತ ತಾಗಿಸಿ. ಅದು ಜಾರಿ ಬಿದ್ದರೆ ಟಿಂಕರಿಂಗ್ ಮಾಡಿದವನ ಪುಟ್ಟಿ ದಪ್ಪಗಿದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಬುಡದಲ್ಲಿ ಕೆಸರಿನ ಗೆರೆ ಕಂಡರೆ ಗಾಡಿ ನೀರಿನಲ್ಲಿ ನಿಂತದ್ದು. 2022ರ ಸೆಪ್ಟೆಂಬರ್ ಮಳೆಯನ್ನು ಬೆಂಗಳೂರು ಮರೆತಿರಬಹುದು, ಬೆಲ್ಟು ಮರೆತಿರುವುದಿಲ್ಲ. ಕರಾವಳಿಯ ಗಾಡಿಗಾದರೆ ನೆಲಕ್ಕೆ ಬೆನ್ನು ಕೊಟ್ಟು ಮಲಗಿ ತಳದ ತುಕ್ಕು ನೋಡುವುದು ಕಡ್ಡಾಯ.

ಸನ್ಯಾಸಿಯ ಪೂರ್ವಾಶ್ರಮ ಕೇಳಬಾರದು, ಇನ್ನೋವಾದ್ದು ಕೇಳಲೇಬೇಕು. ಹಳದಿ ಬೋರ್ಡಿನಲ್ಲಿ ದುಡಿದು ಬಿಳಿ ಬೋರ್ಡಿಗೆ ದೀಕ್ಷೆ ಪಡೆದ ಗಾಡಿಗಳಿವೆ. ಇಳಿಬಿಸಿಲಿನಲ್ಲಿ ಹಿಂದಿನ ಗಾಜನ್ನು ಓರೆಯಾಗಿ ನೋಡಿದರೆ, ಕಿತ್ತ ಸ್ಟಿಕರಿನ ನೆರಳಾಗಿ ‘ಟ್ರಾವೆಲ್ಸ್’ ಎಂಬ ಅಕ್ಷರಗಳು ಇನ್ನೂ ಓದಸಿಗುತ್ತವೆ. ಇನ್ನೊಂದು ಜಾತಿ ಉತ್ತರದಿಂದ ವಲಸೆ ಬಂದದ್ದು. ದಿಲ್ಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿದ ಮೇಲೆ ಎಷ್ಟೋ ಗಾಡಿಗಳು ವಿಂಧ್ಯ ದಾಟಿದವು. ಬೆಲೆ ಕಡಿಮೆಯೇ, ನಿಜ. ಅಲ್ಲಿನ ಆರ್‌ಟಿಓ ಕೊಡುವ ಎನ್‌ಓಸಿ, ಇಲ್ಲಿ ಕಟ್ಟಬೇಕಾದ ತೆರಿಗೆ, ಓಡಾಟ ಎಲ್ಲ ಕೂಡಿಸಿದ ಮೇಲೂ ಕಡಿಮೆಯೇ ಎಂದು ಕಾಗದದ ಮೇಲೆ ಲೆಕ್ಕ ಹಾಕಿ.

ಈಗ ಬಾಕಿ ಉಳಿಸಿದ್ದ ಸಂಬಂಧಕ್ಕೆ ಬರೋಣ. ಮನೆಯಲ್ಲಿ ನಾಲ್ಕು ದರ್ಶನಗಳಿವೆ: ಅಪ್ಪನದು ಮೈಲೇಜ್ ವಾದ, ಮಗನದು ಪಿಕಪ್ ವಾದ, ಹೆಂಡತಿಯದು ಹಿಂದಕ್ಕೆ ಎ.ಸಿ. ತಲುಪುತ್ತದೆಯೇ ಎಂಬ ವಾದ, ಮಾವನವರದು ‘ಅಂಬಾಸಿಡರ್ ಮುಂದೆ ಇದೇನು ಮಹಾ’ ಎಂಬ ಸರ್ವನಿಷೇಧ ವಾದ. ಯಾವುದನ್ನೂ ಖಂಡಿಸಲು ಹೋಗಬೇಡಿ. ಎಲ್ಲರನ್ನೂ ಗಾಡಿ ನೋಡಲು ಕರೆದೊಯ್ದು, ಮಾರುವವನ ಎದುರೇ ಕೂರಿಸಿ. ಮಂಡಿನೋವಿನ ಅತ್ತೆ ಮೆಟ್ಟಿಲು ಹತ್ತಿ ನಡುವಿನ ಸಾಲಿಗೆ ಸೇರಬಲ್ಲರೇ? ಕೊನೆಯ ಸಾಲಿನಲ್ಲಿ ಕೂತವನ ಮಂಡಿ ಗಲ್ಲಕ್ಕೆ ತಾಗುತ್ತದೆಯೇ? ಚಾರ್ಮಾಡಿಯ ತಿರುವುಗಳಲ್ಲಿ ವಾಂತಿ ಮಾಡುವ ಮಗುವಿಗೆ ಕಿಟಕಿ ಸಿಗುತ್ತದೆಯೇ? ಎಂಜಿನ್ನನ್ನು ಬೋರ್ ಮಾಡಿಸಬಹುದು, ಕೊನೆಯ ಸಾಲನ್ನು ಉದ್ದ ಮಾಡಿಸಲಾಗದು.

ಸಿದ್ಧಾಂತ ಚಿಕ್ಕದು. ಚಾಸಿ ನಂಬರನ್ನು ಆರ್‌ಸಿಗೆ ತಾಳೆ ನೋಡಿ. ಆರ್‌ಸಿಯಲ್ಲಿ ಸಾಲದ ನಮೂದಿದ್ದರೆ ಬ್ಯಾಂಕಿನ ಎನ್‌ಓಸಿಯನ್ನೂ ಫಾರಂ 35ನ್ನೂ ಕೈಗೆ ಪಡೆಯದೆ ಅಡ್ವಾನ್ಸ್ ಕೊಡಬೇಡಿ. ಟ್ರಾಫಿಕ್ ದಂಡ ಬಾಕಿಯಿದೆಯೇ ನೋಡಿಸಿ, ಇನ್ಷೂರೆನ್ಸನ್ನು ನಿಮ್ಮ ಹೆಸರಿಗೆ ಬದಲಿಸಿಕೊಳ್ಳಿ, ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು ಮರುವಾರವೇ ಆರ್‌ಟಿಓಗೆ ಕೊಡಿ. ಪರೀಕ್ಷೆಗೆ ನಿಮ್ಮದೇ ಮೆಕ್ಯಾನಿಕ್‌ನನ್ನು ಕರೆದೊಯ್ದು, ಗಾಡಿ ಬೇಡವೆಂದಾದರೂ ಅವನ ಕೂಲಿ ಕೊಟ್ಟು ಕಳಿಸಿ. ಬ್ರೋಕರು ಪರಿಚಯಿಸಿದ ಮೆಕ್ಯಾನಿಕ್ ಮಾತ್ರ ಬೇಡ.