ಕೊಬ್ಬರಿ ರೇಟು, ಅಜ್ಜಿ ಬಿಸ್ಕತ್ತು

ತಿಪಟೂರು ಸೀಮೆಯಲ್ಲಿ ನೆಂಟರ ಮನೆಗೆ ಹೋದರೆ ಕಾಲಿಗೆ ನೀರು ಕೊಡುವ ಮುಂಚೆಯೇ ‘ಹೆಂಗೈತೆ ರೇಟು?’ ಎಂದು ಕೇಳುತ್ತಾರೆ. ಯಾವುದರ ರೇಟು ಎಂದು ತಿರುಗಿ ಕೇಳಿದವನು ಊರಿಗೆ ಹೊಸಬನಿರಬೇಕು, ಇಲ್ಲವೇ ತಿಂಗಳ ಸಂಬಳದವನಿರಬೇಕು. ವಾರಕ್ಕೆರಡು ದಿನ ಎಪಿಎಂಸಿಯಲ್ಲಿ ಕೊಬ್ಬರಿ ಟೆಂಡರ್. ಮಗಳ ಮದುವೆಯ ಛತ್ರ, ಬೋರ್‌ವೆಲ್ಲಿನ ಆಳ, ಅಳಿಯನ ಉಂಗುರದ ತೂಕ ಎಲ್ಲವೂ ಆ ದಿನದ ಅಂಕಿಯ ಮೇಲೆ ತೀರ್ಮಾನ. ನಮ್ಮ ಮನೆಯಲ್ಲಿ ಇನ್ನೂ ಒಂದು ಪದಾರ್ಥ ಈ ಅಂಕಿಗೆ ಕಟ್ಟುಬಿದ್ದಿತ್ತು. ಅದು ಅಜ್ಜಿಯ ಕೊಬ್ಬರಿ ಬಿಸ್ಕತ್ತು. ರೇಟು ಏರಿದರೆ ಬಿಸ್ಕತ್ತಿಲ್ಲ, ಬಿದ್ದರೆ ಡಬ್ಬಗಟ್ಟಲೆ.

ಈ ಸತ್ಯ ಹೊರಬಿದ್ದದ್ದು ಅಕ್ಕನ ಮಗಳಿಂದ. ಅವಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ, ಶನಿವಾರ ಭಾನುವಾರ ಬೇಕಿಂಗ್. ಫ್ರಿಜ್ಜಿನಲ್ಲಿ ಒಂದು ಬಾಟಲಿ ಹುಳಿಹಿಟ್ಟು ಸಾಕಿಕೊಂಡಿದ್ದಾಳೆ. ಅದಕ್ಕೊಂದು ಹೆಸರು ಬೇರೆ. ಊರಿಗೆ ಬರುವಾಗ ಅದಕ್ಕೆ ಹೊತ್ತು ಹೊತ್ತಿಗೆ ಹಿಟ್ಟು ನೀರು ಹಾಕಲು ಪಕ್ಕದ ಮನೆಯವರಿಗೆ ಒಪ್ಪಿಸಿ ಬರುತ್ತಾಳೆ. ಹಾಲು ಕರೆಯುವ ಎಮ್ಮೆ ಬಿಟ್ಟು ಒಂದು ಮದುವೆಗೂ ನೆಮ್ಮದಿಯಾಗಿ ಹೋಗಲಾಗದ ನಮ್ಮವ್ವನಿಗೆ ಇದು ತಕ್ಷಣ ಅರ್ಥವಾಯಿತು.

‘ಮಾವ, ಮುತ್ತಜ್ಜಿ ಬಿಸ್ಕತ್ತಿನ ರೆಸಿಪಿ ಎಲ್ಲಿದೆ? ಅದನ್ನ ರಿವೈವ್ ಮಾಡ್ಬೇಕು’ ಎಂದಳು.

ರೆಸಿಪಿ ಇತ್ತು. ತಾತನ ಮಂಡಿ ಲೆಕ್ಕದ ಪುಸ್ತಕದಲ್ಲಿ, ದಲ್ಲಾಳಿ ಕೊಡಬೇಕಾದ ಬಾಕಿಯ ಕೆಳಗೆ, ಯಾರೋ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು: ಮೈದಾ ಒಂದು ಸೇರು, ಸಕ್ಕರೆ ಅರ್ಧ ಸೇರು, ಕೊಬ್ಬರಿ ಇದ್ದಷ್ಟು, ತುಪ್ಪ ಕಂಡಷ್ಟು. ಅಷ್ಟೇ. ಎಷ್ಟು ಹೊತ್ತು, ಎಷ್ಟು ಬಿಸಿ, ಯಾವ ಪಾತ್ರೆ, ಒಂದೂ ಇಲ್ಲ. ದಲ್ಲಾಳಿಯ ಬಾಕಿ ಮಾತ್ರ ಆಣೆ ಪೈಸೆವರೆಗೆ ಸ್ಪಷ್ಟವಾಗಿತ್ತು.

ಮೊದಲ ತಂಟೆ ಸೇರಿನದು. ಹಳೆ ಮೈಸೂರು ಸೀಮೆಯಲ್ಲಿ 24 ತೊಲದ ಕಚ್ಚಾ ಸೇರು ಒಂದು, 80 ತೊಲದ ಪಕ್ಕಾ ಸೇರು ಇನ್ನೊಂದು. ಕಚ್ಚಾ ಸೇರೆಂದರೆ ಸುಮಾರು 280 ಗ್ರಾಂ, ಪಕ್ಕಾ ಸೇರೆಂದರೆ 933 ಗ್ರಾಂ. ಇವೆರಡೂ ಸಾಲದೆಂಬಂತೆ ಅಳೆಯುವ ಸೇರು ಬೇರೆ, ಅದು ಮನೆಮನೆಗೊಂದು. 1956ರ ಕಾಯಿದೆ ಬಂದು, 1962ರ ಹೊತ್ತಿಗೆ ದೇಶಕ್ಕೆಲ್ಲ ಕಿಲೋಗ್ರಾಂ ಕಡ್ಡಾಯವಾದರೂ ನಮ್ಮಜ್ಜಿಗೆ ಆ ಸುದ್ದಿ ಮುಟ್ಟಲಿಲ್ಲ. ಹುಡುಗಿ ಲ್ಯಾಪ್‌ಟಾಪ್ ತೆಗೆದು ಎರಡಕ್ಕೂ ಲೆಕ್ಕ ಹಾಕಿದಳು. ಅವ್ವ ನೋಡಿ, ‘ಸೇರು ಯಾವ್ದಾದ್ರೇನವ್ವ, ಸಕ್ರೆ ಅದ್ರಲ್ಲಿ ಅರ್ಧ ತಾನೆ?’ ಎಂದಳು. ಗಣಿತ ಅಲ್ಲಿಗೆ ಮುಗಿಯಿತು.

ಆದರೆ ‘ಇದ್ದಷ್ಟು’ ಎಂಬುದನ್ನು ಬಿಡಿಸುವ ಹೊತ್ತಿಗೆ ಸಾಕಾಯಿತು. ಅದರ ಹಿಂದೆ ಒಂದು ತೆಂಗಿನ ತೋಟದಷ್ಟು ಸಂಗತಿ ಇದೆ.

ನಮ್ಮಲ್ಲಿ ಕೊಬ್ಬರಿಯೆಂದರೆ ಉಂಡೆ ಕೊಬ್ಬರಿ. ಕೇರಳದವರ ಹಾಗೆ ಕಾಯಿ ಒಡೆದು ಬಿಸಿಲಿಗೆ ಹರವಿ ಎಣ್ಣೆ ಗಾಣಕ್ಕೆ ಕಳಿಸುವುದಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೆರಡು ತಿಂಗಳು ಅದರ ಪಾಡಿಗೆ ಬಿಡುವುದು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆಯನ್ನು ಇಡಿಯಾಗಿ ತೆಗೆಯುವುದು. ಈ ಇಡೀ ಉಂಡೆಗೇ ಬೆಲೆ. ಅದು ಮೂಟೆ ಸೇರಿ, ಲಾರಿ ಹತ್ತಿ, ಉತ್ತರ ಭಾರತದ ಮದುವೆ ಮನೆಗಳಿಗೂ ಮಿಠಾಯಿ ಅಂಗಡಿಗಳಿಗೂ ಹೋಗುತ್ತದೆ. ಕತ್ತಿ ತಾಗಿ ಒಡೆದದ್ದು ಚೂರು. ಒಳಗೇ ಕೆಟ್ಟು ಕಮಟು ಹಿಡಿದದ್ದು ಕೌಟು. ಮನೆಯಲ್ಲಿ ಉಂಡೆಗೆ ಕೈ ಹಾಕಿದವನ ಕೈ ಮುರಿಯುತ್ತಿದ್ದರು. ವರ್ಷವೆಲ್ಲ ಅಟ್ಟದ ಕೆಳಗೆ ಮಲಗಿದರೂ ಸರಿಯೆ, ಇಡೀ ಉಂಡೆಯ ರುಚಿ ಕಂಡವರು ನಮ್ಮಲ್ಲಿ ಕಮ್ಮಿ. ದೆಹಲಿಯವರು ಕಂಡಿದ್ದಾರೆ.

ಹಾಗಾದರೆ ಮನೆಮಂದಿ ತಿಂದದ್ದೇನು? ಚೂರು. ಚೂರು ಎಷ್ಟಿತ್ತೋ ಅಷ್ಟೇ ‘ಇದ್ದಷ್ಟು’.

ಚೂರಿಗೂ ಮಾರುಕಟ್ಟೆ ಇದೆ, ಉಂಡೆಯ ಬೆಲೆ ಸಿಗುವುದಿಲ್ಲ ಅಷ್ಟೆ. ರೇಟು ಜೋರಾಗಿದ್ದರೆ ಚೂರೂ ಮೂಟೆ ಸೇರುತ್ತಿತ್ತು, ಅಜ್ಜಿಯ ಕೈ ಖಾಲಿ. ರೇಟು ಬಿದ್ದಾಗ ತಾತ ‘ಈ ದುಡ್ಡಿಗೆ ಕೊಡೋ ಬದಲು ಮನೇಲೇ ತಿನ್ರಿ’ ಎಂದು ಸಿಟ್ಟಿನಿಂದ ಚೂರಿನ ಚೀಲವನ್ನು ಅಡುಗೆ ಮನೆಗೆ ಎಸೆಯುತ್ತಿದ್ದರು. ನಮಗೆ ಹಬ್ಬ. ಮಾರುಕಟ್ಟೆ ಕುಸಿದು ಊರೆಲ್ಲ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದಾಗ ನಾವು ಮಕ್ಕಳು ಮಾತ್ರ ಜೇಬು ತುಂಬ ಬಿಸ್ಕತ್ತು ತುಂಬಿಕೊಂಡು ತಿರುಗುತ್ತಿದ್ದೆವು.

ಇದು ನಮ್ಮೂರೊಂದರ ಕಥೆಯಲ್ಲ. 1890ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಫ್ರ್ಯಾಂಕ್ಲಿನ್ ಬೇಕರ್ ಎಂಬ ಹಿಟ್ಟಿನ ಗಿರಣಿಯವನಿದ್ದ. ಕ್ಯೂಬಾದ ವ್ಯಾಪಾರಿಯೊಬ್ಬ ಹಿಟ್ಟಿನ ಬಾಕಿಗೆ ದುಡ್ಡಿನ ಬದಲು ಒಂದು ಹಡಗು ತೆಂಗಿನಕಾಯಿ ಕಳಿಸಿಬಿಟ್ಟ. ಕಾಯಿ ಕೊಳ್ಳುವವರಿಲ್ಲ. ಕೊನೆಗೆ ಅದನ್ನು ತುರಿದು ಒಣಗಿಸಿ ಮಾರುವ ದಾರಿ ಹಿಡಿದ. ಆ ತುರಿ ಅಮೆರಿಕದ ಅಡುಗೆ ಮನೆಗಳ ಕೇಕು ಬಿಸ್ಕತ್ತಿನೊಳಗೆ ಹೊಕ್ಕಿತು. ತೆಂಗು ಹಿಟ್ಟಿಗೆ ಬೀಳುವುದು ಮಾರುಕಟ್ಟೆ ಕೈಬಿಟ್ಟಾಗಲೇ. ನಮ್ಮಜ್ಜಿಗೂ ಅವನಿಗೂ ವ್ಯತ್ಯಾಸ ಇಷ್ಟೇ: ಅವನು ಅದರಿಂದ ಕಂಪನಿ ಕಟ್ಟಿದ, ಇವಳು ಮೊಮ್ಮಕ್ಕಳ ಹೊಟ್ಟೆ ತುಂಬಿಸಿದಳು.

ಅಜ್ಜಿಗೆ ಬಿಸ್ಕತ್ತಿನ ಹುಚ್ಚು ಹತ್ತಿಸಿದ್ದು ಬೇಕರಿ. ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದ ಮೇಲೆ ಹಾಸನ ಕಡೆಯ ಅಯ್ಯಂಗಾರರು ಒಬ್ಬರ ಹಿಂದೆ ಒಬ್ಬರು ಊರೂರಿಗೆ ಒಲೆ ಹೊತ್ತು ಹೋದರು. ಮೊಟ್ಟೆ ಹಾಕದ ಬೇಕರಿಯಾದ್ದರಿಂದ ಮಡಿಯವರೂ ಬಾಗಿಲ ತನಕ ಬಂದರು. ತಾತ ಮಂಡಿಯಿಂದ ಬರುವಾಗ ಒಂದು ಪೊಟ್ಟಣ ಕೊಬ್ಬರಿ ಬಿಸ್ಕತ್ತು ತಂದರಂತೆ. ಅಜ್ಜಿ ಒಂದನ್ನು ಮುರಿದು, ಮೂಸಿ, ನಾಲಿಗೆ ಮೇಲಿಟ್ಟು, ‘ನಮ್ಮ ಕೊಬ್ರೀನ ನಮ್ಗೇ ಮಾರ್ತಾವ್ರೆ’ ಎಂದಳಂತೆ. ರುಚಿಯ ಬಗ್ಗೆ ಒಂದು ಮಾತಿಲ್ಲ. ಮಾರನೆಯ ದಿನ ಹಿತ್ತಲಲ್ಲಿ ಅವಳದೇ ಬೇಕರಿ ಶುರು.

ದಪ್ಪ ತಳದ ದಬರಿ, ಅದರೊಳಗೆ ಹಳ್ಳದ ಮರಳು, ಮರಳಿನ ಮೇಲೆ ತಟ್ಟೆ, ಮುಚ್ಚಳ, ಮುಚ್ಚಳದ ಮೇಲೆ ಚಿಪ್ಪಿನ ಕೆಂಡ. ಕೆಳಗೂ ಕೆಂಡ, ಮೇಲೂ ಕೆಂಡ. ಹುಡುಗಿ ಇದನ್ನು ಕೇಳಿ, ‘ಹಂಗಾದ್ರೆ ಮುತ್ತಜ್ಜಿ ಡಚ್ ಓವನ್ ಮಾಡ್ಕೊಂಡಿದ್ರು!’ ಎಂದು ಬೆರಗಾದಳು. ಡಚ್ಚರನ್ನು ಯಾಕೆ ಕರೆಯಬೇಕು? 16ನೇ ಶತಮಾನದ ಮಂಗರಸನ ‘ಸೂಪಶಾಸ್ತ್ರ’ದಲ್ಲೇ ಮುಚ್ಚಳ ರೊಟ್ಟಿ ಇದೆ, ಮೇಲೆ ಕೆಳಗೆ ಕೆಂಡವಿಟ್ಟು ಬೇಯಿಸುವುದು. ಕನ್ನಡದ ಅಡುಗೆ ಮನೆಗೆ ಓವನ್ ಬಂದಿರಲೇ ಇಲ್ಲ ಎನ್ನುವವರು ಮಂಗರಸನನ್ನು ಓದಿಲ್ಲ. ನಮ್ಮಜ್ಜಿಯೂ ಓದಿರಲಿಲ್ಲ, ಅದು ಬೇರೆ ಮಾತು.

ಈಗ ಆ ಒಲೆ ಹೂಡಲು ಹೊರಟರೆ ಒಂದೊಂದು ಸಾಮಾನಿಗೂ ತಡೆ. ಹಳ್ಳದ ಮರಳಿಗೆ ಕೈ ಹಾಕಿದರೆ ಪೊಲೀಸರು ಬರುತ್ತಾರೆ, ಎಂ-ಸ್ಯಾಂಡಿನಲ್ಲಿ ಬಿಸ್ಕತ್ತು ಬೇಯಿಸಲು ಮನಸ್ಸು ಒಪ್ಪದು. ಚಿಪ್ಪು ಇದೆಯಲ್ಲ ಎಂದರೆ ಅದನ್ನು ಇದ್ದಲು ಸುಡುವವರು ಮನೆ ಬಾಗಿಲಿಗೇ ಬಂದು ತೂಕ ಹಾಕಿ ಒಯ್ದಿರುತ್ತಾರೆ. ಚಿಪ್ಪಿನ ಇದ್ದಲಿನಿಂದ ಆಕ್ಟಿವೇಟೆಡ್ ಕಾರ್ಬನ್ ಮಾಡಿ ನೀರಿನ ಫಿಲ್ಟರಿಗೆ ತುಂಬುತ್ತಾರೆ, ಚಿನ್ನದ ಅದಿರಿನಿಂದ ಚಿನ್ನ ಹೀರಲೂ ಬಳಸುತ್ತಾರೆ. ಮಟ್ಟೆ ನಾರಿನ ಕಾರ್ಖಾನೆಗೆ, ಗರಿಯ ಕಡ್ಡಿ ಪೊರಕೆಗೆ. ತೆಂಗಿನ ಮರದಲ್ಲಿ ವ್ಯರ್ಥವಾಗುವುದು ಏನೂ ಇಲ್ಲ ಎಂದು ಕಲ್ಪತರು ನಾಡಿನ ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ನಿಜ. ಅಡುಗೆ ಮನೆಗೆ ಉಳಿಯುವುದೂ ಏನೂ ಇಲ್ಲ.

ಹುಡುಗಿ ಇದಕ್ಕೆಲ್ಲ ಹೆದರುವವಳಲ್ಲ. ಬೆಂಗಳೂರಿನ ಅವಳ ಓಟಿಜಿ ಓವನ್ನು ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ತಿಪಟೂರಿಗೆ ಬಂತು. ಪೇಟೆಗೆ ಹೋಗಿ ಮೊದಲ ದರ್ಜೆಯ ಉಂಡೆ ಕೊಬ್ಬರಿ ತಂದಳು. 2023ರಲ್ಲಿ ಇದೇ ಕೊಬ್ಬರಿ ಕ್ವಿಂಟಲಿಗೆ 11,750 ರೂಪಾಯಿಯ ಬೆಂಬಲ ಬೆಲೆಗಿಂತ ಎಷ್ಟೋ ಕೆಳಗೆ ಬಿದ್ದು ರೈತರು ರಸ್ತೆಗಿಳಿದಿದ್ದರು. 2025ರಲ್ಲಿ 25,000 ದಾಟಿ ಕೂತಿತು. ಈ ಎರಡನೆಯ ಕಾಲದಲ್ಲಿ ಅವಳು ಪುನರುಜ್ಜೀವನಕ್ಕೆ ಹೊರಟದ್ದು. ಅವಳ ಕೈಯಲ್ಲಿದ್ದ ಉಂಡೆಗಳನ್ನು ಕಂಡು ಅವ್ವ, ‘ಯಾರ್ ಮದ್ವೆ?’ ಎಂದು ಕೇಳಿದಳು.

ಯೂಟ್ಯೂಬಿನಲ್ಲಿ ಯಾರೋ ಹೇಳಿದ ಪ್ರಮಾಣಕ್ಕೆ ಸರಿಯಾಗಿ ಬೆಣ್ಣೆ ಹಾಕಿದಳು. ಆ ಯೂಟ್ಯೂಬಿನವರು ಬಳಸಿದ್ದು ಪೊಟ್ಟಣದ ಡೆಸಿಕೇಟೆಡ್ ಪುಡಿ. ಅದನ್ನು ತಯಾರಿಸುವ ಕಾರ್ಖಾನೆಗಳು ನಮ್ಮ ತಿಪಟೂರಿನಲ್ಲೇ ಬೇಕಾದಷ್ಟಿವೆ, ಆದರೆ ಅದು ಹಸಿ ಕಾಯಿಯ ಕಂದು ಸಿಪ್ಪೆ ಹೆರೆದು, ತುರಿದು ಒಣಗಿಸಿದ್ದು. ಪುಡಿಪುಡಿಯಾಗಿ ಉದುರುತ್ತದೆ. ವರ್ಷ ತುಂಬಿದ ಅಟ್ಟದ ಕೊಬ್ಬರಿ ಹಾಗಲ್ಲ. ಅದರ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಎಣ್ಣೆ. ಮಿಕ್ಸಿಗೆ ಹಾಕಿ ಒಂದು ಸುತ್ತು ಹೆಚ್ಚು ತಿರುಗಿಸಿದರೆ ಜಾರಿನ ಗೋಡೆಗೆ ಮೆತ್ತಿಕೊಳ್ಳುತ್ತದೆ. ಅದರ ಮೇಲೆ ಬೆಣ್ಣೆಯೂ ಸೇರಿ ಓವನ್ನಿನೊಳಗೆ ಬಿಸ್ಕತ್ತುಗಳೆಲ್ಲ ಕರಗಿ, ಪಕ್ಕದವನ ಗಡಿ ಒತ್ತುವರಿ ಮಾಡಿ, ಕೊನೆಗೆ ಒಟ್ಟು ಕುಟುಂಬವಾಗಿ ಹೊರಬಂದವು. ಚಾಕುವಿನಿಂದ ಪಾಲು ಮಾಡಿ ತಿಂದೆವು. ನನಗೆ ಇಷ್ಟವಾಯಿತು, ಆದರೆ ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ.

ಅವ್ವ ತಟ್ಟೆಯ ಅಂಚಿನಲ್ಲಿ ನಿಂತ ಎಣ್ಣೆಯನ್ನು ಬೆರಳಿಂದ ತೆಗೆದು ತಲೆಗೆ ಸವರಿಕೊಂಡು ಹೇಳಿದಳು: ‘ತುಪ್ಪ ಕಂಡಷ್ಟು ಅಂದ್ರೆ ಕಂಡಷ್ಟೂ ಸುರಿ ಅಂತಲ್ಲ ಕಣವ್ವ. ಕೊಬ್ರಿ ಹಾಕಿ ಕಲಸು, ಹಿಟ್ಟು ಎಷ್ಟು ಒಣಗ್ದಂಗೆ ಕಾಣ್ತದೋ ಅಷ್ಟು ತುಪ್ಪ.’ ಅಷ್ಟು ವರ್ಷ ಅತ್ತೆಯ ಪಕ್ಕದಲ್ಲಿ ಕೂತು ಕೆಂಡ ಊದಿದವಳು ಅವಳು. ಪೆನ್ಸಿಲಿನಲ್ಲಿ ಬರೆದಿಟ್ಟವಳೂ ಅವಳೇ ಎಂಬುದು ಆಗ ಬಾಯಿಬಿಟ್ಟಳು. ‘ಮೊದ್ಲೇ ಹೇಳ್ಬಾರ್ದಿತ್ತಾ ಅಜ್ಜಿ?’ ಎಂದರೆ, ‘ನೀನು ಕೇಳಿದ್ದು ಪುಸ್ತಕಾನಲ್ವ’ ಎಂದಳು.

ಮುಂದಿನ ಸುತ್ತಿಗೆ ಅವ್ವನೇ ಮೇಸ್ತ್ರಿ. ಉಂಡೆಗಳನ್ನು ವಾಪಸು ಚೀಲಕ್ಕೆ ಕಟ್ಟಿಸಿ ಚೂರು ತರಿಸಿದಳು. ಒಂದೊಂದೇ ಚೂರು ಮುರಿದು ಮೂಸಿ, ಕೌಟು ಅನುಮಾನ ಬಂದದ್ದನ್ನು ಆಚೆ ಎಸೆದಳು. ಒಂದು ಕೌಟು ಚೂರು ಸಾಕು, ಇಡೀ ಡಬ್ಬ ಸೋಪಿನ ರುಚಿಯಾಗುತ್ತದೆ. ಹುಡುಗಿ ಪಕ್ಕದಲ್ಲಿ ತೂಕದ ಯಂತ್ರ ಇಟ್ಟುಕೊಂಡು ಅವ್ವನ ಹಿಡಿ ಬೀಳುವುದನ್ನೇ ಕಾದು ಗ್ರಾಮಿನಲ್ಲಿ ಹಿಡಿದಳು. 250 ಗ್ರಾಂ ಮೈದಾಕ್ಕೆ 125 ಗ್ರಾಂ ಕೊಬ್ಬರಿ ತುರಿ, 125 ಗ್ರಾಂ ಪುಡಿ ಸಕ್ಕರೆ, 75 ಗ್ರಾಂ ತುಪ್ಪ, ಚಿಟಿಕೆ ಸೋಡಾ, ಒಂದು ಚಮಚ ಮೊಸರು, ಏಲಕ್ಕಿ. ಒಲೆಗೂ ಬದಲಿ ಸಿಕ್ಕಿತು. ಓವನ್ ಇದ್ದವರು 170 ಡಿಗ್ರಿಯಲ್ಲಿ ಅಂಚು ಕೆಂಪಾಗುವ ತನಕ ಇಡುವುದು, ಹದಿನೈದು ನಿಮಿಷದ ಮೇಲೆ ಕಣ್ಣಿಟ್ಟಿರಬೇಕು. ಇಲ್ಲದವರು ದಪ್ಪ ತಳದ ಪಾತ್ರೆಗೆ ಎರಡು ಬೆರಳಷ್ಟು ಕಲ್ಲುಪ್ಪು ಸುರಿದು, ಮೇಲೆ ಸ್ಟ್ಯಾಂಡು ಇಟ್ಟು, ಮುಚ್ಚಿ, ಚೆನ್ನಾಗಿ ಕಾದ ಮೇಲೆ ತಟ್ಟೆ ಇಳಿಸಿ ಸಣ್ಣ ಉರಿಯಲ್ಲಿ ಬೇಯಿಸುವುದು. ಕುಕ್ಕರಾದರೆ ಗ್ಯಾಸ್ಕೆಟ್ಟೂ ವಿಶಲ್ಲೂ ತೆಗೆಯಲೇಬೇಕು. ಮುಚ್ಚಳದ ಮೇಲೆ ಕೆಂಡವಿಲ್ಲದ್ದರಿಂದ ಬಿಸ್ಕತ್ತಿನ ನೆತ್ತಿ ಬೆಳ್ಳಗೇ ಉಳಿಯುತ್ತದೆ. ಹೊಗೆಯ ವಾಸನೆಯೂ ಬರುವುದಿಲ್ಲ. ಅದು ಬೇಕೇ ಬೇಕು ಎನ್ನುವವರಿಗೆ ನಾನು ಹೇಳುವ ಉಪಾಯವಿಲ್ಲ, ವಾಟರ್ ಫಿಲ್ಟರ್ ಬಿಚ್ಚಿ ನೋಡಬೇಕು.

ಹುಡುಗಿ ಈಗ ಇದಕ್ಕೆ ಡಬ್ಬ, ಲೇಬಲ್ಲು, ‘ಪಾರಂಪರಿಕ’ ಎಂಬ ಹಣೆಪಟ್ಟಿ ಎಲ್ಲ ಯೋಚಿಸುತ್ತಿದ್ದಾಳೆ. ಮಾಡಲಿ. ನಾನು ಹೇಳುವುದು ಮನೆಯಲ್ಲಿ ಮಾಡಿಕೊಳ್ಳುವವರಿಗೆ. ತಿಪಟೂರಿಗೋ ತುರುವೇಕೆರೆಗೋ ಚಿಕ್ಕನಾಯಕನಹಳ್ಳಿಗೋ ಬಂದಾಗ ಕೊಬ್ಬರಿ ಅಂಗಡಿಯಲ್ಲಿ ಚೂರನ್ನೇ ಕೇಳಿ, ಮೂಸಿ ತಗೊಳ್ಳಿ. ನಿಮ್ಮ ಕಾರು, ಬಟ್ಟೆ ನೋಡಿ ಅಂಗಡಿಯವರು ಉಂಡೆ ತೋರಿಸುತ್ತಾರೆ, ಬೇಡ ಎನ್ನಿ. ಉಂಡೆಗೆ ದೆಹಲಿಯವರಿದ್ದಾರೆ.