ಯಯಾತಿಗೆ ಒನ್ಸ್ ಮೋರ್

ಹರದಾಸ ಅಪ್ಪಚ್ಚ ಕವಿಯ ಯಯಾತಿ ನಾಟಕವನ್ನು ಮಡಿಕೇರಿಯಲ್ಲಿ ಮತ್ತೆ ಆಡುತ್ತಾರಂತೆ ಎಂದಾಗ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ, ‘ಎಷ್ಟು ಹೊತ್ತಿಗೆ ಮುಗಿಯುತ್ತೆ?’ 1906ರಲ್ಲಿ ಕವಿ ಅದನ್ನು ಬರೆದಾಗ ಯಾರೂ ಹೀಗೆ ಕೇಳಿರಲಾರರು. ಆಗಿನ ಕಂಪನಿ ನಾಟಕ ಮುಗಿಯುವಷ್ಟರಲ್ಲಿ ಕೋಳಿ ಕೂಗಿ, ಮನೆ ದಾರಿ ಕಾಣುವಷ್ಟು ಬೆಳಕಾಗಿರುತ್ತಿತ್ತು. ಈಗ ಒಂಬತ್ತಾಯಿತೆಂದರೆ ಮಂಜು, ಮಂಜಿನಾಚೆ ಆನೆ.

ಅಪ್ಪಚ್ಚ ಕವಿ ಬರೆದದ್ದು ಕೊಡವ ತಕ್ಕ್‌ನಲ್ಲಿ, ಕನ್ನಡ ಲಿಪಿಯಲ್ಲಿ. ಕಾರ್ನಾಡರ ಯಯಾತಿ ಬರಲು ಇನ್ನೂ ಅರ್ಧ ಶತಮಾನ ಬೇಕಿತ್ತು. ಕಾರ್ನಾಡರಲ್ಲಿ ಎಲ್ಲರೂ ಚಿಂತಿಸುತ್ತಾರೆ, ಇಲ್ಲಿ ಹಾಡುತ್ತಾರೆ. ನನ್ನ ವೋಟು ಹಾಡುವವರಿಗೆ. ಎಷ್ಟೇ ಸಿಟ್ಟು ಬಂದರೂ ತಾಳ ಬಿಡದೆ ಶಪಿಸುವವನನ್ನು ಕಂಡರೆ ಒಂದು ಗೌರವ ಹುಟ್ಟುತ್ತದೆ.

ಮುಂದಿನ ಸಾಲುಗಳೆಲ್ಲ ನಿವೃತ್ತ ಸೈನ್ಯಾಧಿಕಾರಿಗಳದು. ಆರು ಗಂಟೆ ಎಂದರೆ ಅವರಿಗೆ ಐದು ಐವತ್ತೈದು. ಪರದೆ ತಡವಾದಾಗ ಒಬ್ಬರು ಕೈಗಡಿಯಾರ ನೋಡಿದರು, ಅಷ್ಟೆ. ಹಾರ್ಮೋನಿಯಂ ತಾನಾಗಿ ಶ್ರುತಿ ಹಿಡಿಯಿತು. ವಾಲಗ ಕೇಳಿದರೆ ಮದುವೆ ಮನೆಯಲ್ಲಿ ಕುಣಿಯದೆ ಕೂರದ ಇದೇ ಜನ, ಇಲ್ಲಿ ಪರೇಡಿಗೆ ನಿಂತವರ ಹಾಗೆ ಗಂಭೀರವಾಗಿ ಕೂತಿದ್ದರು. ‘ಒನ್ಸ್ ಮೋರ್’ ಕೂಗುವುದು ಇಂಥ ನಾಟಕದ ಅರ್ಧ ಸುಖ. ಆದರೆ ಕೂಗುವವರು ಯಾರು?

ಯಯಾತಿ ವೇಷಧಾರಿಗೆ ಅರುವತ್ತು ದಾಟಿರಬೇಕು. ಮುಪ್ಪು ಬಂದ ಮೇಲಿನ ದೃಶ್ಯಗಳಲ್ಲಿ ಅವರು ತುಂಬ ಸಹಜವಾಗಿದ್ದರು. ಶ್ರಮ ಪಟ್ಟದ್ದೆಲ್ಲ ಅದಕ್ಕೆ ಮೊದಲಿನ ಪ್ರಣಯದಲ್ಲಿ. ಕಂಠ ಮಾತ್ರ ಗಟ್ಟಿ.

ಶುಕ್ರಾಚಾರ್ಯರ ಶಾಪ ಬಿತ್ತು. ಮುದುಕನಾದ ರಾಜ ನನ್ನ ಮುಪ್ಪು ತೆಗೆದುಕೊಳ್ಳಿ ಎಂದು ಮಕ್ಕಳನ್ನು ಒಬ್ಬೊಬ್ಬರಾಗಿ ಬೇಡತೊಡಗಿದ. ಯದು ಒಲ್ಲೆ ಎಂದ. ತುರ್ವಸು ಒಲ್ಲೆ ಎಂದ. ನನ್ನ ಪಕ್ಕದಲ್ಲಿದ್ದ ಕಾಫಿ ತೋಟದ ಹಿರಿಯರು ನಿಟ್ಟುಸಿರಿಟ್ಟರು.

‘ಐದು ಮಕ್ಕಳೂ ಊರಲ್ಲೇ ಇದ್ದಾರಲ್ಲ, ಪುಣ್ಯವಂತ.’

ಅವರ ಇಬ್ಬರು ಗಂಡುಮಕ್ಕಳೂ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ.

ಕೊನೆಗೆ ಪೂರು ಒಪ್ಪಿದ. ಸಭೆ ಚಪ್ಪಾಳೆ ತಟ್ಟಿತು. ಹಿರಿಯರು ತಟ್ಟಲಿಲ್ಲ. ‘ಯೌವನ ತಾನೇ ಕೇಳಿದ್ದು, ಕೊಟ್ಟ. ಜನವರಿಯಲ್ಲಿ ರೋಬಸ್ಟಾ ಕೊಯ್ಲಿಗೆ ಬಾ ಅಂತ ಕೇಳಿ ನೋಡಲಿ’ ಎಂದರು. ಮರುಕ್ಷಣ ಏನು ಹೊಳೆಯಿತೋ, ಎದ್ದು ನಿಂತು ‘ಒನ್ಸ್ ಮೋರ್!’ ಎಂದು ಕೂಗಿಯೇ ಬಿಟ್ಟರು. ಕರ್ನಲ್‌ಗಳು ತಿರುಗಿ ನೋಡಿದರು. ಪೂರುವಿಗೆ ಆನಂದವೋ ಆನಂದ. ಅಪ್ಪನ ಕಾಲಿಗೆ ಇನ್ನೊಮ್ಮೆ ಬಿದ್ದು, ಪಲ್ಲವಿಯಿಂದ ಎತ್ತಿಕೊಂಡು ಮತ್ತೆ ಒಪ್ಪಿದ. ಹಿರಿಯರು ಮೊಬೈಲ್ ಎತ್ತಿ ಹಿಡಿದು ಅದಿಷ್ಟನ್ನೂ ರೆಕಾರ್ಡ್ ಮಾಡಿ ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು.

ಮಧ್ಯಂತರದಲ್ಲಿ ಕಾಫಿ ಕುಡಿಯುತ್ತ ನನಗೂ ತೋರಿಸಿದರು. ನೀಲಿ ಗೆರೆ ಬಿದ್ದಿತ್ತು. ದೊಡ್ಡವನು ಹೆಬ್ಬೆರಳು ಕಳಿಸಿದ್ದ. ಚಿಕ್ಕವನು, ಲೈಟಿಂಗ್ ಚೆನ್ನಾಗಿದೆ ಎಂದು ಬರೆದಿದ್ದ.